ಕ್ರಿಯಾಪದಕ್ಕೆ ಉಸಿರು ಸಾಲದು

ಯಾಮಿನಿ: ‘ನೀನು ಷಾರ್ಲೆಟ್‌ಗೆ ಹೋಗೋದು ನನಗೆ ಇಷ್ಟ’ ಅಂದ್ರಿ. ಸರಿ. ಆಮೇಲೆ?

ಗುರುದತ್: ಆಮೇಲೆ ಏದುಸಿರು ಬಂತು.

ಯಾಮಿನಿ: ಏದುಸಿರು ಬರೋಕೆ ಮುಂಚೆ ಒಂದು ‘ಇದೆ’ನೋ ‘ಇಲ್ಲ’ನೋ ಹೇಳ್ಬಿಡೋಕೆ ಏನಾಗಿತ್ತು?

ಗುರುದತ್: ಗುಡ್ಡ ಅಡ್ಡ ಬಂತು ಕಣೇ.

ಯಾಮಿನಿ: ಆ ಗುಡ್ಡ ನೆನ್ನೆ ಬಂದು ಕೂತಿದ್ದಲ್ಲ. ನಾವು ಮನೆ ತಗೊಂಡಾಗ್ಲಿಂದ ಅಲ್ಲೇ ಇದೆ.

ಅಮೆರಿಕದ ಕಮ್ಮಿಂಗ್ ಊರಿನ ಹೊಸ ಬಡಾವಣೆಯೊಂದರಲ್ಲಿ, ಶನಿವಾರ ಬೆಳಿಗ್ಗೆ, ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಬೂಟಿನ ದಾರ ಕಟ್ಟುತ್ತ ಗಂಡ ಹೆಂಡತಿ ಹೀಗೆ ಮಾತಿಗೆ ಮಾತು ಬೆಳೆಸಿದ್ದರು. ಗಂಡ ಹೆಂಡಿರ ಜಗಳದಲ್ಲಿ ಮೂರನೆಯವರು ಬಾಯಿ ಹಾಕಬಾರದು ಅನ್ನುತ್ತಾರೆ. ನಾನೂ ಹಾಕುವುದಿಲ್ಲ. ಆದರೆ ಜಗಳದ ಮೂಲ ಹೇಳದೆ ಹೋದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ.

ಗುರುದತ್ತನ ಹೃದಯದ ನಾಳಕ್ಕೆ ಈ ಬೇಸಿಗೆಯಲ್ಲಿ ಒಂದು ಸ್ಟೆಂಟ್ ಬಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮದ ತರಬೇತಿ ಮುಗಿದ ಮೇಲೆ ಅಲ್ಲಿನ ಥೆರಪಿಸ್ಟ್ ಹೆಂಗಸು, ಇನ್ನು ಮನೆಯಲ್ಲಿ ಹೇಗೆ ನಡೆಯಬೇಕು ಎಂದು ಬಿಡಿಸಿ ಹೇಳಿದ್ದಳು. ಮೊದಲು ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಬೇಕು. ಆಮೇಲೆ ಚುರುಕು ನಡಿಗೆ. ಕೊನೆಗೆ ಗಕ್ಕನೆ ನಿಲ್ಲದೆ ಮತ್ತೆ ನಿಧಾನಕ್ಕೆ ಇಳಿಯಬೇಕು. ನಡೆಯುವ ಹೊತ್ತನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿಕೊಳ್ಳಬೇಕು; ವೇಗ, ಏರು ಇವೆಲ್ಲ ತಾನು ಹೇಳಿದ ಮೇಲೆ. ಎದೆ ಹಿಡಿದಂತಾದರೆ, ತಲೆ ತಿರುಗಿದರೆ ಅಲ್ಲಿಗೇ ಸಾಕು. ಚುರುಕು ಎಂದರೆ ಎಷ್ಟು ಚುರುಕು ಎಂದು ಗುರುದತ್ ಕೈಗಡಿಯಾರ ತೋರಿಸಿ ಕೇಳಿದ್ದ. ಅವನು ನುಂಗುವ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಅದಕ್ಕೆ ಗಡಿಯಾರವನ್ನು ನಂಬಬೇಡಿ ಎಂದು ಹೇಳಿ ಆಕೆ ಬೇರೆಯೇ ಅಳತೆ ಕೊಟ್ಟಳು. ನಡೆಯುವಾಗ ಒಂದು ವಾಕ್ಯ ಪೂರ್ತಿ ಆಡಲು ಬರಬೇಕು, ಹಾಡಲು ಬರಬಾರದು. ಹಾಡು ಬಂದರೆ ನಡಿಗೆ ಸಾಲದು, ವಾಕ್ಯ ನಡುವೆ ತುಂಡಾದರೆ ನಡಿಗೆ ಅತಿಯಾಯಿತು.

ಆ ತಾಯಿ ಒಳ್ಳೆಯ ಬುದ್ಧಿಯಿಂದಲೇ ಹೇಳಿದಳು. ಆದರೆ ಅವಳ ಅಳತೆ ಇಂಗ್ಲಿಷಿನದು. ಇಂಗ್ಲಿಷಿನವನು ಬೇಕು ಬೇಡವನ್ನು ಬಾಯಿ ತೆರೆದ ತಕ್ಷಣ ಹೇಳಿಬಿಡುತ್ತಾನೆ. ಏನು ಬೇಕು, ಏನು ಬೇಡ ಎಂಬುದನ್ನು ಆಮೇಲೆ ಏದುಸಿರಿನಲ್ಲಿ ಹೇಳಿದರೂ ನಡೆಯುತ್ತದೆ. ನಮ್ಮದು ಹಾಗಲ್ಲ. ಯಾರು, ಎಲ್ಲಿಗೆ, ಯಾಕೆ, ಯಾರ ಜೊತೆ ಎಲ್ಲವನ್ನೂ ಮೊದಲೇ ಹರವಿಕೊಂಡು, ಇದೆಯೋ ಇಲ್ಲವೋ ಎನ್ನುವ ಮುಖ್ಯ ಮಾತನ್ನು ವಾಕ್ಯದ ಬಾಲಕ್ಕೆ ಕಟ್ಟುತ್ತೇವೆ. ಉಸಿರು ಕಟ್ಟಿದರೆ ಮೊದಲು ಉದುರುವುದೇ ಆ ಬಾಲ.

ಗುರುದತ್ತನ ವಾಕ್ಯದಿಂದ ಉದುರಿದ್ದು ಸಾಮಾನ್ಯ ಬಾಲವಲ್ಲ. ಯಾಮಿನಿ ಕೆಲಸ ಮಾಡುವ ಬ್ಯಾಂಕು ಇರುವುದು ಷಾರ್ಲೆಟ್‌ನಲ್ಲಿ. ಕಾರಿನಲ್ಲಿ ಹೋದರೆ ಅರ್ಧ ದಿನದ ದಾರಿ. ಕೋವಿಡ್ ಶುರುವಾದಾಗಿನಿಂದ ಅವಳು ಕಮ್ಮಿಂಗಿನ ಮನೆಯಲ್ಲೇ ಕೂತು ಕೆಲಸ ಮಾಡಿಕೊಂಡಿದ್ದಳು. ಈಗ ಬ್ಯಾಂಕಿನವರು, ವಾರದಲ್ಲಿ ನಾಲ್ಕು ದಿನ ಆಫೀಸಿಗೇ ಬರಬೇಕು, ಆಗುತ್ತೋ ಇಲ್ಲವೋ ಸೋಮವಾರದೊಳಗೆ ತಿಳಿಸಿ ಎಂದಿದ್ದರು. ಹೋಗದಿದ್ದರೆ ಇಷ್ಟು ವರ್ಷದ ಕೆಲಸ ಹೋಗುತ್ತದೆ. ಹೋದರೆ, ಮಗಳೂ ಕಾಲೇಜಿಗೆಂದು ಊರು ಬಿಟ್ಟಿರುವಾಗ, ಗಂಡ ಒಬ್ಬನೇ ಮನೆಯಲ್ಲಿ. ಅವನ ಮನಸ್ಸು ತಿಳಿಯೋಣವೆಂದು ಯಾಮಿನಿ ನೆನ್ನೆ ಸಂಜೆ ವಾಕಿಂಗಿನಲ್ಲಿ ಕೇಳಿದ್ದಳು. ಅವನು ಕ್ಲಬ್‌ಹೌಸಿನ ಹಿಂದಿನ ಏರಿನಲ್ಲಿ ಉತ್ತರ ಶುರು ಮಾಡಿ, ‘ಇಷ್ಟ’ದ ಹತ್ತಿರ ಸುಸ್ತಾಗಿ ನಿಂತಿದ್ದ. ಮನೆಗೆ ಬಂದ ಮೇಲೆ ಮಗಳ ಫೋನು ಬಂತು. ಫೋನಿಡುವಷ್ಟರಲ್ಲಿ ಗುರುದತ್ ಮುಂದಾಗುವುದನ್ನು ಊಹಿಸಿ ಹೊದ್ದುಕೊಂಡು ಮಲಗಿದ್ದ.

ಗುರುದತ್: ಸರಿ, ಈಗ ಹೇಳ್ತೀನಿ ಕೇಳು. ಇಷ್ಟ ಇದೆ. ಆಯ್ತಾ?

ಯಾಮಿನಿ: ಓಹೋ. ಅಂದ್ರೆ ನಾನು ತೊಲಗಿದ್ರೆ ಸಾಕಾಗಿದೆ.

ಗುರುದತ್: ಹಾಗಾದ್ರೆ ಇಷ್ಟ ಇಲ್ಲ.

ಯಾಮಿನಿ: ಅಂದ್ರೆ ನಾನು ಕೆಲಸ ಬಿಟ್ಟು ನಿಮಗೆ ಉಪ್ಪಿಲ್ಲದ ಸಾರು ಮಾಡ್ಕೊಂಡು ಕೂತಿರ್ಬೇಕು.

ಗುರುದತ್: ಯಾಮಿನಿ, ಇರೋದೇ ಎರಡು ಉತ್ತರ. ಎರಡನ್ನೂ ಕೊಟ್ಟಾಯ್ತು. ಮೂರನೇದು ಎಲ್ಲಿಂದ ತರಲಿ?

ಯಾಮಿನಿ: ನಂಗೆ ಈಗಿಂದು ಬೇಡ. ನೆನ್ನೆ ಬಾಯಿವರೆಗೂ ಬಂದು ಸಿಕ್ಕಾಕ್ಕೊಳ್ತಲ್ಲ, ಅದು ಬೇಕು.

ಗುರುದತ್: ಇಂಗ್ಲಿಷಲ್ಲಿ ಹೇಳಿದ್ದಿದ್ರೆ ಈ ಗೋಳೇ ಇರ್ತಿರ್ಲಿಲ್ಲ.

ಯಾಮಿನಿ: ಹೇಳ್ಬೇಕಿತ್ತು. ಮನಸ್ಸಲ್ಲಿರೋದನ್ನ ಹೆಂಡ್ತಿಗೆ ಆಫೀಸ್ ಮೀಟಿಂಗ್ ಥರ ಹೇಳಿ, ಕೊನೇಲಿ ಎನಿ ಕ್ವೆಶ್ಚನ್ಸ್ ಅಂತ ಕೇಳ್ಬಹುದಿತ್ತು.

ಗುರುದತ್ ದಾರ ಬಿಗಿದು ಎದ್ದ. ಮೈ ಬಿಸಿಯಾಗುವ ಮುಂಚೆ ಜೋರು ಮಾಡಬಾರದು ಎಂಬ ನಿಯಮವನ್ನು ನಡಿಗೆಗೆ ಮಾತ್ರವಲ್ಲದೆ ಜಗಳಕ್ಕೂ ಪಾಲಿಸುವವನಂತೆ ಮೆಲ್ಲಗೆ ರಸ್ತೆಗಿಳಿದ.

ಬಡಾವಣೆಯ ಅಂಚೆ ಪೆಟ್ಟಿಗೆಗಳೆಲ್ಲ ಸಾಲಾಗಿ ನಿಂತ ತಿರುವಿನಲ್ಲಿ ಕರಬಸಪ್ಪನವರು ದಿನವೂ ಇವರಿಗಾಗಿ ಕಾಯುತ್ತಾರೆ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಮಗಳ ಮನೆಗೆ ಬಂದಿದ್ದಾರೆ. ಮೊಮ್ಮಕ್ಕಳು ಅವರ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವುದರಿಂದ ಅವರಿಗೆ ಈ ವಾಕಿಂಗ್ ಎಂದರೆ ಪ್ರಾಣ. ಇವತ್ತೂ ನಿಂತಿದ್ದರು. ಆದರೆ ಕಾಲಿನಲ್ಲಿ ಬೂಟಿನ ಬದಲು ಚಪ್ಪಲಿಯಿತ್ತು, ಮುಖ ಬಿಗಿದುಕೊಂಡಿತ್ತು.

ಕರಬಸಪ್ಪ: ನಮಸ್ಕಾರ್ರೀ. ಇವತ್ತಿಂದ ನಾ ಬರಂಗಿಲ್ಲ. ಹೇಳಿ ಹೋಗೂಣಂತ ನಿಂತೀನಿ.

ಯಾಮಿನಿ: ಯಾಕೆ ಅಂಕಲ್, ಹುಷಾರಿಲ್ವಾ?

ಕರಬಸಪ್ಪ: ನಾ ಗಟ್ಟಿ ಅದೀನಿ. ನಿಮ್ಮ ಯಜಮಾನ್ರನ್ನ ಕೇಳ್ರಿ. ನಿನ್ನೆ ಏರು ಹತ್ತೂ ಮುಂದ, ನೀವು ದೂರ ಇದ್ರಿ, ನನ್ನ ಮುಖಾ ನೋಡಿ, ‘ಅಂಕಲ್, ನೀವು ದಿನಾ ನಮ್ಮ ಜೊತೆ ಬರೋದು ನಮಗೆ ಕಷ್ಟ’ ಅಂದ್ರು. ಅಂದು ಆ ಕಡೆ ತಿರುಗಿದ್ರು.

ಗುರುದತ್: ‘ಕಷ್ಟ ಏನಲ್ಲ’ ಅಂಕಲ್. ನಿಮ್ಮಿಂದ ಲೇಟಾಗುತ್ತಾ ಅಂತ ನೀವೇ ಕೇಳಿದ್ರಲ್ಲ, ಅದಕ್ಕೆ ‘ಕಷ್ಟ ಏನಲ್ಲ’ ಅಂತ ಹೊರಟಿದ್ದೆ. ‘ಏನಲ್ಲ’ ಹೊರಗೆ ಬರ್ಲಿಲ್ಲ.

ಕರಬಸಪ್ಪನವರು ಕಣ್ಣು ಮುಚ್ಚಿ ಆ ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲೇ ಪೂರ್ತಿ ಮಾಡಿ ನೋಡಿದರು. ಮುಖದ ಬಿಗಿ ಸಡಿಲಿತು. ರಾತ್ರಿಯೆಲ್ಲ ಮಗಳಿಗೆ ಹೇಳದೆ ಒಬ್ಬನೇ ನೊಂದುಕೊಂಡೆ, ವಾಪಸ್ ಟಿಕೆಟ್ಟು ಬೇಗ ಮಾಡಿಸು ಅನ್ನುವವನಿದ್ದೆ ಎಂದು ಹೇಳಿಕೊಂಡರು. ಗುರುದತ್ ಕೈಮುಗಿದ. ಅಷ್ಟರಲ್ಲಿ ಯಾಮಿನಿಗೆ ನೆನ್ನೆಯ ಇನ್ನೊಂದು ಬಾಲವಿಲ್ಲದ ವಾಕ್ಯ ನೆನಪಾಯಿತು. ತಾನು ಷಾರ್ಲೆಟ್‌ಗೆ ಹೋದರೆ ಹೇಗಿರುತ್ತದೋ ನೋಡೋಣವೆಂದು ಅವಳು ಈ ವಾರ ನಾಲ್ಕು ದಿನದ ಸಾರು ಮಾಡಿ ಫ್ರೀಜರಿನಲ್ಲಿ ಇಟ್ಟಿದ್ದಳು.

ಯಾಮಿನಿ: ‘ನೀನು ಇಟ್ಟಿದ್ದ ಸಾರನ್ನ ನಾನು ಚೆಲ್ಲಿ’ ಅಂದ್ರಿ. ಅದಕ್ಕೇನು ಬಾಲ?

ಗುರುದತ್: ಚೆಲ್ಲಿಲ್ಲ.

ಯಾಮಿನಿ: ಡಬ್ಬಿ ಖಾಲಿ ಇತ್ತು.

ಗುರುದತ್: ಖಾಲಿಯಾಗಿತ್ತು. ಚೆಲ್ಲಿಲ್ಲ.

ಕರಬಸಪ್ಪ: ಆ ಸಾರು ನಾ ಉಂಡ್ನಿ ತಂಗಿ. ಚಲೋ ಇತ್ತು. ಉಪ್ಪೊಂದ್ ಕಡಿಮಿ ಬಿದ್ದಿತ್ತು.

ಯಾಮಿನಿ ಗಂಡನನ್ನು ನೋಡಿದಳು. ಗಂಡ ಕರಬಸಪ್ಪನವರನ್ನು ನೋಡಿದ. ಸ್ನೇಹ ಕೂಡಿಕೊಂಡು ಇನ್ನೂ ಬಿಸಿ ಆರಿರಲಿಲ್ಲ, ಅಷ್ಟರಲ್ಲೇ ಅವರು ಅವನನ್ನು ಹಿಡಿದುಕೊಟ್ಟಿದ್ದರು. ಹಾಗಾದರೆ ನೀವು ಏನು ತಿಂದಿರಿ ಎಂದು ಯಾಮಿನಿ ಕೇಳಿದ್ದಕ್ಕೆ ಗುರುದತ್ ಹಕ್ಕಿ ಹುಡುಕುವವನ ಹಾಗೆ ಮರದ ತುದಿ ನೋಡುತ್ತ ನಡೆದುಬಿಟ್ಟ. ಪಿಜ್ಜಾ ಎಂದು ಹೇಳುವ ಧೈರ್ಯ ನನಗಾದರೂ ಎಲ್ಲಿ ಬರುತ್ತಿತ್ತು?

ನಡೆಯುತ್ತ ನಡೆಯುತ್ತ ಷಾರ್ಲೆಟ್ ವಿಷಯವೂ ಕರಬಸಪ್ಪನವರ ಮುಂದೆ ಬಂತು. ತೀರ್ಪು ಹೇಳಿ ಎಂದು ಇಬ್ಬರೂ ಕೇಳಿದರು. ಅವರು ಕೈ ಹಿಂದೆ ಕಟ್ಟಿಕೊಂಡು, ಇದು ಮನಸ್ಸಿನ ದೋಷವಲ್ಲ, ವಾಕ್ಯದ ಕಟ್ಟಡದ ದೋಷ ಎಂದು ಹೇಳಿದರು. ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದ ಬರುವ ಹೊತ್ತಿಗೆ ಗಾಳಿ ಮುಗಿದಿರುತ್ತದೆ. ಪರೀಕ್ಷೆಯಲ್ಲಿ ಇಂಥ ವಾಕ್ಯಕ್ಕೆ ಅವರು ಸೊನ್ನೆ ಕೊಡುತ್ತಿದ್ದರಂತೆ.

ಕರಬಸಪ್ಪ: ಉಪಾಯ ಐತ್ರೀ. ಪದ್ಯದಾಗ ಕ್ರಿಯಾಪದ ಮುಂದ ಬಂದ್ರ ತಪ್ಪಿಲ್ಲ. ಮಾತಿನಾಗೂ ನಾವು ಹಂಗ ಆಡ್ತೀವಿ. ‘ಬಂದ ನೋಡು ನಿಮ್ಮಪ್ಪ’ ಅಂತೀವೋ ಇಲ್ಲೋ? ಹಂಗ ಕ್ರಿಯಾಪದ ಮೊದಲ ಒಗದ ಬಿಡ್ರಿ. ಉಳದಿದ್ದು ಉಸಿರಿದ್ರ ಬರತೈತಿ, ಇಲ್ಲಂದ್ರ ಬಿಡತೈತಿ.

ಗುರುದತ್ತನಿಗೆ ಇದು ಬಹಳ ಹಿಡಿಸಿತು. ಹೊಸ ಸಾಫ್ಟ್‌ವೇರ್ ಬಂದರೆ ಓದದೆಯೇ ಓಡಿಸಿ ನೋಡುವ ಜಾತಿಯವನು ಅವನು. ಸಮತಟ್ಟಾದ ರಸ್ತೆ ಸಿಕ್ಕಿತೆಂದು ಕೈ ಬೀಸಿಕೊಂಡು ಹೆಜ್ಜೆ ಜೋರು ಮಾಡಿದ. ಅಷ್ಟು ಬೇಡ, ನಿಧಾನ ಎಂದು ಯಾಮಿನಿ ಹಿಂದಿನಿಂದ ಹೇಳುತ್ತಲೇ ಇದ್ದಳು. ಚಪ್ಪಲಿಯಲ್ಲಿದ್ದ ಕರಬಸಪ್ಪನವರು ಹಿಂದೆ ಬಿದ್ದರು. ತಿರುವಿನ ಹತ್ತಿರ ಗುರುದತ್ ಸರಕ್ಕನೆ ಹೆಂಡತಿಯ ಕಡೆ ತಿರುಗಿದ. ಬೆವರು ಇಳಿಯುತ್ತಿತ್ತು. ಒಂದು ಕೈ ಎದೆಯ ಮೇಲಿತ್ತು.

ಗುರುದತ್: ಆಗ್ತಿಲ್ಲ... ನನ್ನ ಕೈಲಿ...

ಮುಂದಿನದಕ್ಕೆ ಉಸಿರಿರಲಿಲ್ಲ.

ಯಾಮಿನಿ ಹೇಗೆ ಅವನನ್ನು ಹಿಡಿದಳೋ, ಹೇಗೆ ರಸ್ತೆಯಂಚಿನಲ್ಲಿ ಕೂರಿಸಿದಳೋ ಅವಳಿಗೇ ಗೊತ್ತಿಲ್ಲ. ಎದೆ ಹಿಡೀತಿದೆಯಾ ಎಂದು ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಕೈ ನೋಯುತ್ತಿದೆಯಾ, ತಲೆ ಸುತ್ತುತ್ತಿದೆಯಾ ಎಂದಳು. ಮತ್ತೆ ಅಲ್ಲಾಡಿಸಿದ. ನಮ್ಮವರ ತಲೆ ಅಲ್ಲಾಡಿದರೆ ಅದು ಹೌದೋ ಅಲ್ಲವೋ ಎಂದು ಹೆತ್ತ ತಾಯಿಯೂ ಹೇಳಲಾರಳು. ಯಾಮಿನಿ ಫೋನ್ ತೆಗೆದಳು. ಆಂಬುಲೆನ್ಸ್ ಕರೆಯುವ ಮೂರೇ ಅಂಕಿಯನ್ನು ಎರಡು ಸಲ ತಪ್ಪಾಗಿ ಒತ್ತಿದಳು. ಗುರುದತ್ ಅವಳ ಕೈ ಹಿಡಿದು ಫೋನನ್ನು ಕೆಳಗಿಳಿಸಿದ. ಒಂದು ದೊಡ್ಡ ಉಸಿರು ಎಳೆದುಕೊಂಡ.

ಗುರುದತ್: ‘ಆಗ್ತಿಲ್ಲ ನನ್ನ ಕೈಲಿ, ಅಂಕಲ್ ಹಿಂದೇನೇ ಬರ್ತಿರುವಾಗ ನಿನ್ನ ಹತ್ರ ಮನಸ್ಸಿನ ಮಾತು ಆಡೋಕೆ’ ಅಂತ ಹೇಳ್ತಿದ್ದೆ ಕಣೇ. ಎದೆಗೇನೂ ಆಗಿಲ್ಲ. ಸೆಕೆಯಾಯ್ತು, ಜಾಕೆಟ್ಟಿನ ಜಿಪ್ ತೆಗೀತಿದ್ದೆ.

ಯಾಮಿನಿಗೆ ಸಿಟ್ಟು ಬರಬೇಕಿತ್ತು. ಬಂದಿದ್ದು ಅಳು. ಅವನ ಪಕ್ಕದಲ್ಲೇ ಕೂತುಬಿಟ್ಟಳು.

ಯಾಮಿನಿ: ನಾನು ಎಲ್ಲಿಗೂ ಹೋಗಲ್ಲ. ನಾನಲ್ಲಿ ಮೀಟಿಂಗಲ್ಲಿ ಕೂತಿರುವಾಗ ನೀವಿಲ್ಲಿ ಹೀಗೆ ಬಿದ್ರೆ ಯಾರು ನೋಡ್ತಾರೆ? ನನಗೆ ಭಯ ಆಗತ್ತೆ ರೀ. ಬೆಳಿಗ್ಗೆಯಿಂದ ಜಗಳ ಆಡ್ತಿರೋದೂ ಆ ಭಯಕ್ಕೇನೆ.

ಹಿಂದಿನಿಂದ ಬಂದ ಕರಬಸಪ್ಪನವರು ಇಬ್ಬರನ್ನೂ ನೋಡಿದರು. ಪದ್ಯದ ಉಪಾಯ ಹೃದ್ರೋಗಿಗಳಿಗೆ ಸಲ್ಲದು ಎಂದು ತಮ್ಮ ತೀರ್ಪನ್ನು ತಾವೇ ವಾಪಸ್ ತೆಗೆದುಕೊಂಡು, ಯಾರದೋ ಮನೆಯ ಮುಂದಿನ ಕುಂಬಳಕಾಯಿಯನ್ನು ಬಹಳ ಆಸಕ್ತಿಯಿಂದ ನೋಡುತ್ತ ನಿಂತರು. ಯಾಮಿನಿ ಮೂಗು ಒರೆಸಿಕೊಂಡು, ಥೆರಪಿಸ್ಟ್ ಬೇಡ ಎಂದಿದ್ದ ಏರನ್ನು ನೆನ್ನೆ ಯಾಕೆ ಹತ್ತಿದಿರಿ ಎಂದು ಕೇಳಿದಳು.

ಗುರುದತ್: ನಾನು ಗಟ್ಟಿಯಾಗಿದೀನಿ ಅಂತ ನಿನಗೆ ತೋರಿಸ್ಬೇಕಿತ್ತು. ತೋರಿಸಿದ್ರೆ ನೀನು ಧೈರ್ಯವಾಗಿ ಹೋಗ್ತೀಯ ಅಂದ್ಕೊಂಡೆ.

ಯಾಮಿನಿ: ಗಟ್ಟಿ ಅಂತ ತೋರಿಸೋಕೆ ಹೋಗಿ ಒಂದು ‘ಇದೆ’ ಹೇಳೋಕಾಗ್ದೆ ನಿಂತ್ರಲ್ಲ ಪುಣ್ಯಾತ್ಮ.

ಅವಳು ಹೋಗಲಿ ಬಿಡಲಿ, ಅಲ್ಲೇ ಕೂತು ಕರಾರಾಯಿತು. ಅವಳಿಲ್ಲದ ದಿನ ಏರಿನ ಸುದ್ದಿಗೆ ಹೋಗಕೂಡದು, ಕೊಳದ ಸುತ್ತಿನ ಸಮತಟ್ಟು ದಾರಿ ಮಾತ್ರ. ಒಬ್ಬನೇ ಹೋಗಕೂಡದು. ಫೋನು ಜೇಬಿನಲ್ಲಿರಬೇಕು. ವಾಕ್ಯ ತುಂಡಾದ ಕ್ಷಣ ಹೆಜ್ಜೆ ನಿಧಾನ ಮಾಡಬೇಕು, ತುಂಡಾದ ವಾಕ್ಯವನ್ನು ಆಮೇಲೆ ಪೂರ್ತಿ ಮಾಡಿ ಹೇಳಬೇಕು. ಕರಬಸಪ್ಪನವರು ಕುಂಬಳಕಾಯಿ ಬಿಟ್ಟು ಈ ಕಡೆ ತಿರುಗಿ, ಯುಗಾದಿಯ ತನಕ ನಾನಿದ್ದೇನೆ, ತುಂಡು ವಾಕ್ಯಗಳನ್ನೆಲ್ಲ ನಾನೇ ತಿದ್ದಿಸುತ್ತೇನೆ, ಸಾರಿನ ವಿಷಯ ಮಾತ್ರ ನನ್ನ ಮೇಲೆ ಹಾಕಬೇಡಿ ಎಂದರು. ಯುಗಾದಿ ಆದ ಮೇಲೆ ಎಂದು ಯಾಮಿನಿ ಕೇಳಿದ್ದಕ್ಕೆ, ಅಷ್ಟರಲ್ಲಿ ಬಡಾವಣೆಯ ಬೇರೆ ಯಾರನ್ನಾದರೂ ಹುಡುಕಿ ಕನ್ನಡ ಕಲಿಸಿರುತ್ತೇನೆ ಎಂದು ಭರವಸೆ ಕೊಟ್ಟರು.

ಜೋರು ನಡೆದ ಮೇಲೆ ಕೂತುಬಿಡಬಾರದೆಂಬುದು ಯಾಮಿನಿಗೆ ನೆನಪಾಗಿ ಎದ್ದಳು. ಗಂಡನನ್ನೂ ಎಬ್ಬಿಸಿದಳು. ಮೂವರೂ ಮೆಲ್ಲಗೆ ಮನೆಯ ಕಡೆ ಹೊರಟರು. ಕರಬಸಪ್ಪನವರು ಇವರ ಮಾತು ಕೇಳಿಸದಷ್ಟು ಮುಂದೆ ಹೋಗುವುದು ಮರ್ಯಾದೆ ಎಂದು ಬಗೆದರೂ ಕೇಳಿಸುವಷ್ಟೇ ಮುಂದೆ ಹೋದರು. ಮನೆಯ ಡ್ರೈವ್‌ವೇ ಕಾಣುವ ಹೊತ್ತಿಗೆ ಗುರುದತ್ತನ ಉಸಿರು ಪೂರ್ತಿ ಹದಕ್ಕೆ ಬಂದಿತ್ತು.

ಗುರುದತ್: ನೀನು ಷಾರ್ಲೆಟ್‌ಗೆ ಹೋಗೋದು ನನಗೆ ಚೂರೂ ಇಷ್ಟ ಇಲ್ಲ. ನೀನಿಲ್ದಿದ್ರೆ ಮನೆ ಬಿಕೋ ಅನ್ನತ್ತೆ. ಆದ್ರೂ ನನ್ನಿಂದ ನಿನ್ನ ಕೆಲಸ ಹೋಗೋದು ಬೇಡ, ನೀನು ಹೋಗ್ಬೇಕು.

ಮುಂದೆ ಹೋಗುತ್ತಿದ್ದ ಕರಬಸಪ್ಪನವರು ತಿರುಗಿ ನೋಡದೆಯೇ, ಒಂದು ಕ್ರಿಯಾಪದವೂ ಬಿದ್ದಿಲ್ಲ, ಪೂರ್ತಿ ಅಂಕ ಎಂದು ಗಾಳಿಗೆ ಹೇಳಿದರು. ಯಾಮಿನಿ ಗಂಡನ ತೋಳಿಗೆ ತೋಳು ಸೇರಿಸಿಕೊಂಡು ಡ್ರೈವ್‌ವೇ ತನಕ ನಡೆದಳು. ಅಲ್ಲಿ ನಿಂತಳು.

ಯಾಮಿನಿ: ಬರ್ತೀನಿ ಅಂತ ಬ್ಯಾಂಕಿಗೆ ನಾನು ನೆನ್ನೇನೇ ಬರೆದಾಯ್ತು.

ಗುರುದತ್: ಏನು?

ಯಾಮಿನಿ: ನೀವು ‘ಇಷ್ಟ’ ಅಂತ ಹೇಳಿ ನಿಲ್ಲಿಸಿದ್ರಿ. ಫೋನಿಟ್ಟು ಬಂದು ನೋಡಿದ್ರೆ ಗೊರಕೆ ಹೊಡೀತಿದ್ರಿ. ‘ಇದೆ’ ಅಂತ ನಾನೇ ಸೇರಿಸ್ಕೊಂಡು ಕಳಿಸ್ಬಿಟ್ಟೆ.

ಗುರುದತ್: ಈಗ ತಾನೇ ಎಲ್ಲಿಗೂ ಹೋಗಲ್ಲ ಅಂದೆ.

ಯಾಮಿನಿ: ಅದು ಹೆದರಿಕೇಲಿ ಅಂದಿದ್ದು. ಸೋಮವಾರದವರೆಗೂ ವಾಪಸ್ ತಗೋಬಹುದು. ಈಗ ತಗೊಳ್ಳಲ್ಲ.

ಗುರುದತ್: ಬರೆದಾಗಿದ್ದ ಮೇಲೆ ಬೆಳಿಗ್ಗೆಯಿಂದ ಇದೆನೋ ಇಲ್ಲಾನೋ ಅಂತ ಯಾಕೆ ನನ್ನ ಪ್ರಾಣ ತಿಂದೆ?

ಯಾಮಿನಿ: ಹೋಗೋದಂತೂ ಹೋಗ್ತೀನಿ. ಹೋಗೋ ಮುಂಚೆ ‘ಇಷ್ಟ ಇಲ್ಲ’ ಅಂತ ನಿಮ್ಮ ಬಾಯಲ್ಲಿ ಒಂದು ಸಲ ಪೂರ್ತಿ ಕೇಳ್ಬೇಕಿತ್ತು.

ಗುರುದತ್ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕರ್ತೃವೂ ಹೊರಡಲಿಲ್ಲ, ಕರ್ಮವೂ ಹೊರಡಲಿಲ್ಲ. ತನ್ನದೇ ಡ್ರೈವ್‌ವೇ ಮೇಲೆ ಕಂಬದ ಹಾಗೆ ನಿಂತುಕೊಂಡಿದ್ದ. ಕರಬಸಪ್ಪನವರು ಹತ್ತಿರ ಬಂದು ಅವನ ಮುಖವನ್ನು ಬಗ್ಗಿ ನೋಡಿದರು.

ಕರಬಸಪ್ಪ: ಮಾತ ಬರವಲ್ದೇನ್ರೀ ಗುರುದತ್ತರ? ಹಂಗಂದ್ರ ನಡಿಗಿ ಅತೀ ಆತು. ಸ್ವಲ್ಪ ನಿಧಾನ ಮಾಡ್ರಿ.